ಆಮದು

ಕಂಟ್ರೋಲ್ ರೂಮಿನಲ್ಲಿ ಮೂವತ್ತೊಂದು ವರ್ಷ.
ಫೋನೆತ್ತಿದರೆ ಬೆಂಗಳೂರಿನಿಂದ ಒಂದೇ ಮಾತು:
ಇನ್ನೂ ಇಪ್ಪತ್ತು ಕೊಡಿ.
ಇಪ್ಪತ್ತು ಅಂದರೆ ಇಪ್ಪತ್ತು ಮೆಗಾವ್ಯಾಟು.
ಗೇಟು ತುಸು ತೆರೆಸುತ್ತಿದ್ದೆ.
ಜೋಗದಲ್ಲಿ ಹಾರಬೇಕಿದ್ದ ನೀರು
ಕೊಳವೆಯೊಳಗೆ ತಲೆತಗ್ಗಿಸಿ ಇಳಿಯುತ್ತಿತ್ತು.
ಪುಸ್ತಕದಲ್ಲಿ ಬರೆಯುತ್ತಿದ್ದೆ: ರಫ್ತು, ಇಷ್ಟು.

ಈಗ ನನ್ನ ಇಡೀ ರಾಜ್ಯ
ಟ್ರೈಲರಿನ ಹಾಸಿಗೆಯಡಿಯ ಒಂದು ಡಬ್ಬಿ,
ನೂರು ಆಂಪಿಯರ್ ಅವರ್.
ಅದರಲ್ಲೂ ಅರ್ಧ ಮಾತ್ರ ನಂಬಿ ಅಂದಿದ್ದ
ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿನ ಇನಾಸ್;
ಬಾಕಿ ಅರ್ಧ ಬ್ಯಾಟರಿಯ ಮಾನ, ಮುಟ್ಟಬೇಡಿ ಸಾರ್.

ಅವನೇ ಎಳೆದದ್ದು, ಬೊಲೆರೊದಿಂದ ಹಿಂದಕ್ಕೆ,
ಕಿರುಬೆರಳು ಗಾತ್ರದ ತಂತಿ.
ಸಣ್ಣದು ಹಾಕಿದರೆ ದಾರಿಯಲ್ಲೇ ಬಸಿದುಹೋಗುತ್ತೆ,
ತಲುಪೋದು ಬರೀ ಸಮಾಚಾರ.
ನಡುವೆ ಒಂದು ರಿಲೇ, ಬೆಂಕಿಪೊಟ್ಟಣದಷ್ಟು.
ಗಾಡಿ ಓಡುವಾಗ ಟಕ್ ಅಂತ ಕೂಡಿಸುತ್ತೆ,
ನಿಂತಾಗ ಟಕ್ ಅಂತ ಬಿಡಿಸುತ್ತೆ.
ದುಡಿಯೋವಾಗ ಹಂಚ್ಕೊಳ್ಳಿ,
ಮಲಗೋವಾಗ ಅವರವರ ಗಂಟು ಅವರವರ ದಿಂಬಿನಡಿ
ಎಂದು ನಕ್ಕಿದ್ದ. ಮದುವೆಯಾಗಿರಲಿಲ್ಲ ಅವನಿಗೆ.

ವನಮಾಲೆಗೆ ರಾತ್ರಿ ಉಸಿರಿನ ಯಂತ್ರ ಬೇಕು.
ಮೂಗಿಗೆ ಮುಖವಾಡ, ಸೊಂಡಿಲಿನಂಥ ನಳಿಗೆ,
ಎಳೆಯೋದು ಮೂರು ಆಂಪು.
ಎಂಟು ಗಂಟೆ ನಿದ್ದೆಗೆ ಇಪ್ಪತ್ತನಾಲ್ಕು.
ಫ್ರಿಜ್ಜಿಗೆ ಇಪ್ಪತ್ತು. ದೀಪ, ಫೋನು, ನನ್ನ ರೇಡಿಯೊ
ಕೂಡಿದರೆ ಐವತ್ತಕ್ಕೆ ಒಂದೇ ಕಮ್ಮಿ.
ರೇಡಿಯೊ ಕಿತ್ತೆ.
ಊರಿಗೆಲ್ಲ ಲೋಡ್ ಶೆಡ್ಡಿಂಗ್ ಮಾಡಿದವನು
ನನಗೇ ಮಾಡಿಕೊಂಡದ್ದು ಅವತ್ತು.

ತುಮರಿ ಕಡೆಯ ಹಿನ್ನೀರು. ಏಪ್ರಿಲ್.
ನೀರು ಸರಿದು ಸತ್ತ ಮರಗಳ ಬೊಡ್ಡೆ ಎದ್ದಿದ್ದವು,
ಸೊಂಟಮಟ್ಟ ನಿಂತು ಹಾಜರಿ ಹೇಳುವವರ ಹಾಗೆ.
ಯಂತ್ರ ಉಸಿರಾಡಿತು. ಅವಳು
ಮದುವೆಯ ಹೊಸದರಲ್ಲಿ ಮಲಗುತ್ತಿದ್ದಂತೆ ಮಲಗಿದಳು.
ನಾನು ಎದ್ದೆದ್ದು ಮೀಟರು ನೋಡಿದೆ:
ಎರಡು ಗಂಟೆಗೆ ಹನ್ನೆರಡು ಪಾಯಿಂಟ್ ನಾಲ್ಕು,
ನಾಲ್ಕಕ್ಕೆ ಇನ್ನೂ ಹನ್ನೆರಡು ಪಾಯಿಂಟ್ ಮೂರು.
ಭಲೇ ಎಂದು ಡಬ್ಬಿಯ ಬೆನ್ನು ತಟ್ಟಿದೆ.

ಅನುಮಾನ ಬರಬೇಕಿತ್ತು.
ಮೀಟರು ಅಷ್ಟು ಚೆಂದ ನಿಂತಿದ್ದರೆ
ಬೇರೆ ಯಾರೋ ಭಾರ ಹೊರುತ್ತಿದ್ದಾರೆ ಅಂತ ಅರ್ಥ.

ಬೆಳಿಗ್ಗೆ ಕೀಲಿ ತಿರುವಿದರೆ
ಬೊಲೆರೊ ಹಲ್ಲಿಯ ಹಾಗೆ ಲೊಚಗುಟ್ಟಿತು.
ರಿಲೇಯ ಎರಡೂ ತುಟಿ ಬೆಸೆದುಹೋಗಿದ್ದವು.
ರಾತ್ರಿಯಿಡೀ ಗಾಡಿ ತನ್ನದನ್ನೆಲ್ಲ ಹಿಂದಕ್ಕೆ ಕೊಟ್ಟಿತ್ತು,
ಯಾರೂ ಕೇಳದೆ, ಯಾರೂ ಬರೆದಿಡದೆ.

ಏಳೂವರೆಗೆ ಟ್ರ್ಯಾಕ್ಟರಿನಲ್ಲಿ ಬಂದವನು ಗಾಮಪ್ಪ.
ಅರವತ್ತು ದಾಟಿದ್ದ, ಬಾಯಿತುಂಬ ಎಲೆ.
ಕೆಂಪಿಗೆ ಕೆಂಪು, ಕರಿದು ಬರೀ ಕಬ್ಬಿಣಕ್ಕೆ,
ನಾನು ಹೇಳುವ ಮೊದಲೇ ಅವನ ಕೈಗೆ ಗೊತ್ತಿತ್ತು.
ಹತ್ತು ನಿಮಿಷ ಕುಡೀಲಿ, ಅವಸರ ಮಾಡಬೇಡಿ ಅಂದ.
ಹತ್ತು ನಿಮಿಷದಲ್ಲಿ ಮಾತು ಬರಲೇಬೇಕಲ್ಲ.
ಎಲ್ಲಿ ಕೆಲಸ?
ಪವರ್ ಹೌಸು.
ಓಹೋ ಅಂದ. ಅತ್ತ ಹೋಗಿ ಉಗಿದು ಬಂದ.
ನಮ್ಮಜ್ಜನ ಕೊಟ್ಟಿಗೆ ಅಗೋ, ಎರಡನೇ ಬೊಡ್ಡೆಯ ಆಚೆ.
ಈ ಗುಡ್ಡಕ್ಕೆ ಹತ್ತಿದ ಮೇಲೆ
ಮನೆಗೆ ಕರೆಂಟು ಬಂದಾಗ ನನ್ನ ಮಗಳಿಗೆ ಹನ್ನೊಂದು.
ಸಿಟ್ಟಿರಲಿಲ್ಲ. ದಾರಿ ತೋರಿಸುವವರ ದನಿ.

ಮೀಟರು ನೋಡಿದೆ. ನೋಡಲು ಅದೊಂದಿತ್ತು.

ಈಗ ಹೊಡೀರಿ ಅಂದ. ಹಿಡಿಯಿತು.
ದುಡ್ಡು ತೆಗೆದರೆ ಕೈ ಹಿಂದಕ್ಕೆ ಕಟ್ಟಿಕೊಂಡ,
ಕಾಫಿ ಮಾತ್ರ ಎರಡು ಸಲ ಹಾಕಿಸಿಕೊಂಡ.
ಯಂತ್ರ ನೋಡಿ ವನಮಾಲೆಯನ್ನು ಕೇಳಿದ:
ಇದಕ್ಕೇನಾ ಅಷ್ಟೂ ಹೋದದ್ದು?
ಹೌದೆಂದಳು.
ನಿದ್ದೆ ಬಂತಾ?
ಬಂತು.
ಹಂಗಾರೆ ಸೈ, ಅಂದು ಟ್ರ್ಯಾಕ್ಟರು ಹತ್ತಿದ.

ಇನಾಸ್‌ಗೆ ಫೋನು ಮಾಡಿ ಬೈದೆ.
ಅಭ್ಯಾಸಬಲ, ಪುಸ್ತಕ ತೆರೆದೆ:
೭.೫೦. ಆಮದು.
ಎಷ್ಟು ಎಂಬ ಕಾಲಮ್ಮಿಗೆ
ಪೆನ್ನು ಊರಿ ಕೂತೆ.
ಗಾಡಿ ಓಡುತ್ತಲೇ ಇತ್ತು.